ಮಡಿಲಿನ ಗೊಂಬೆ, ಗಾಜಿನ ಗೊಂಬೆ

ಕನ್ನಡದಲ್ಲಿ ನಾವು 'ಕಣ್ಣಿನ ಪಾಪೆ' ಎನ್ನುತ್ತೇವೆ. ಪಾಪೆ ಎಂದರೆ ಗೊಂಬೆ ಎಂಬ ಹಳೆಯ ಅರ್ಥ ಈಗ ನಿಘಂಟಿನಲ್ಲಿ ಮಾತ್ರ ಉಳಿದಿದೆ. ನೆರೆಯ ಮಲಯಾಳದಲ್ಲಿ ಅದೇ ಪದ 'ಪಾವ' ಎಂದಾಗಿ ಇಂದಿಗೂ ಮಕ್ಕಳ ಬಾಯಲ್ಲಿದೆ. ದೂರದ ಲ್ಯಾಟಿನಿನಲ್ಲಿಯೂ ಗೊಂಬೆಗೆ 'ಪೂಪಾ' ಎಂದೂ ಕಣ್ಣಿನ ಪಾಪೆಗೆ ಅದರ ಕಿರಿದಾದ ರೂಪ 'ಪೂಪಿಲ್ಲಾ' ಎಂದೂ ಹೆಸರು. ಜರ್ಮನರ 'ಪುಪ್ಪೆ' ಬಂದದ್ದು ಅಲ್ಲಿಂದ. ಪರಸ್ಪರ ನಂಟಿಲ್ಲದ ಎರಡು ಭಾಷಾಕುಲಗಳು ಹೀಗೆ ಒಂದೇ ಕಡೆಗೆ ಬಂದು ನಿಂತದ್ದಕ್ಕೆ ಕಾರಣ ಸರಳವಾದುದು. ಎದುರಿಗಿರುವವರ ಕಣ್ಣನ್ನು ತೀರ ಹತ್ತಿರದಿಂದ ನೋಡಿದರೆ ಅದರೊಳಗೆ ನಮ್ಮದೇ ಒಂದು ಪುಟ್ಟ ಗೊಂಬೆ ಕಾಣುತ್ತದೆ. ದೂರ ನಿಂತವನಿಗೆ ಅದು ಕಾಣದು.

ಈ ಮಾತು ನೆನಪಾದದ್ದು ನಮ್ಮ ಮನೆಯ ಶೋಕೇಸಿನಿಂದ. 1988ರ ಸುಮಾರಿಗೆ ನನ್ನ ಸೋದರಮಾವ ದುಬಾಯಿಯಿಂದ ಬಂದಾಗ ಅಕ್ಕನಿಗೊಂದು ಗೊಂಬೆ ತಂದಿದ್ದರು. ಹೊಂಗೂದಲು, ಮಲಗಿಸಿದರೆ ಮುಚ್ಚುವ ನೀಲಿ ಕಣ್ಣು, ಬೆನ್ನಿಗೆ ಬ್ಯಾಟರಿ. ಅಮ್ಮ ಅದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಶೋಕೇಸಿನಲ್ಲಿಟ್ಟು ಬೀಗ ಹಾಕಿದರು. ಬಂದವರೆಲ್ಲ ನೋಡಿದರು, ಅಕ್ಕನೂ ನೋಡಿದಳು. ಆಡಿದ್ದು ಮಾತ್ರ ಅಜ್ಜಿ ಹಳೆಯ ಸೀರೆಯ ತುಂಡಿಗೆ ಬೂರುಗದ ಹತ್ತಿ ತುಂಬಿ, ಕಾಡಿಗೆಯಿಂದ ಕಣ್ಣು ಬರೆದುಕೊಟ್ಟ ಬಟ್ಟೆಯ ಗೊಂಬೆಯಲ್ಲಿ. ಕಾಸರಗೋಡಿನ ಕಡೆ ಇಂತಹ ಶೋಕೇಸು ಇಲ್ಲದ ಮನೆಗಳು ಆಗ ಕಡಿಮೆಯಿದ್ದುವು. ಆದುದರಿಂದ ಓದುಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ನಾನು ಕಲಾವಿಮರ್ಶಕನಲ್ಲ, ಬ್ಯಾಂಕಿನ ಗುಮಾಸ್ತ. ಆದರೂ ಒಂದು ಪ್ರಶ್ನೆ ಬಹುಕಾಲದಿಂದ ಕಾಡಿದೆ. ಗೊಂಬೆಯೊಂದು ಕಲಾಕೃತಿಯೆಂದು ಹೆಸರು ಪಡೆದ ಮೇಲೆ ಗೊಂಬೆಯಾಗಿ ಉಳಿಯುತ್ತದೆಯೇ? ಈ ಪ್ರಶ್ನೆಯನ್ನು ತನ್ನ ಬದುಕಿನುದ್ದಕ್ಕೂ ಕೈಯಿಂದಲೇ ಎದುರಿಸಿದ ಜರ್ಮನಿಯ ಕೇಟೆ ಕ್ರೂಸೆ ಎಂಬ ಕಲಾವಿದೆಯ ಗೊಂಬೆಗಳನ್ನು ಇಲ್ಲಿ ಪರಿಶೀಲಿಸುವುದು ನನ್ನ ಉದ್ದೇಶ. ಆ ಗೊಂಬೆಗಳನ್ನು ನಾನು ಕಂಡದ್ದು ಛಾಯಾಚಿತ್ರಗಳಲ್ಲಿ. ಮುಟ್ಟಿ ನೋಡದೆ ಆಡುವ ಮಾತಿಗೆ ಒಂದು ಮಿತಿಯಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಕೇಟೆ ಹುಟ್ಟಿದ್ದು 1883ರಲ್ಲಿ, ಬ್ರೆಸ್ಲಾವ್ ನಗರದಲ್ಲಿ. ತಾಯಿ ಬಟ್ಟೆ ಹೊಲಿದು ಬದುಕುತ್ತಿದ್ದವಳು. ತಂದೆ ನಗರಾಡಳಿತದಲ್ಲಿ ಲೆಕ್ಕ ಬರೆಯುವ ನೌಕರ. ಆತನಿಗೆ ಬೇರೆ ಸಂಸಾರವಿತ್ತು. ತಂದೆಯ ಹೆಸರು ಸಿಗದ ಹುಡುಗಿ ತಾಯಿಯ ಸೂಜಿಯ ಬಳಿ ಬೆಳೆದಳು. ಹದಿಹರೆಯ ಮುಗಿಯುವ ಮೊದಲೇ ಬರ್ಲಿನಿನ ಲೆಸ್ಸಿಂಗ್ ರಂಗಮಂದಿರದಲ್ಲಿ ನಟಿಯಾದಳು. ಅಲ್ಲಿ ತನಗಿಂತ ಸುಮಾರು 29 ವರ್ಷ ಹಿರಿಯನಾದ ಶಿಲ್ಪಿ ಮಾಕ್ಸ್ ಕ್ರೂಸೆಯ ಪರಿಚಯವಾಯಿತು. 1902ರಲ್ಲಿ ಮೊದಲ ಮಗಳು ಮರಿಯಾ ಹುಟ್ಟಿದಳು. ಮದುವೆಯಾದದ್ದು 1909ರಲ್ಲಿ. ಮಕ್ಕಳು ಒಟ್ಟು ಏಳು.

1905ರ ಕ್ರಿಸ್‌ಮಸ್ ಹೊತ್ತಿಗೆ ಆಕೆ ಮಕ್ಕಳೊಂದಿಗೆ ಸ್ವಿಟ್ಜರ್ಲೆಂಡಿನ ಅಸ್ಕೋನಾದಲ್ಲಿದ್ದಳು. ಮರಿಯಾ ಗೊಂಬೆ ಬೇಕೆಂದಳು. ಬರ್ಲಿನಿನಲ್ಲಿದ್ದ ಮಾಕ್ಸ್ ಅಂಗಡಿಗಳಲ್ಲಿ ಹುಡುಕಿದ. ಆಗಿನ ಗೊಂಬೆಗಳ ತಲೆ ಪಿಂಗಾಣಿಯದು. ತಣ್ಣಗಿನ ಕೆನ್ನೆ, ಗಾಜಿನ ಕಣ್ಣು, ಬಿದ್ದರೆ ಚೂರು. ಶಿಲ್ಪಿಯ ಕಣ್ಣಿಗೆ ಅವು ಕುರೂಪವಾಗಿ ಕಂಡುವು. ತಾನು ಕೊಳ್ಳುವುದಿಲ್ಲ, ನೀನೇ ಮಾಡಿಕೊಡು ಎಂದು ಬರೆದುಬಿಟ್ಟ. ಆಕೆ ಒಂದು ಟವೆಲಿಗೆ ಮರಳು ತುಂಬಿ, ಗಂಟು ಹಾಕಿ, ತಲೆಗೆ ಆಲೂಗಡ್ಡೆಯಿಟ್ಟು, ಸುಟ್ಟ ಬೆಂಕಿಕಡ್ಡಿಯಿಂದ ಕಣ್ಣುಮೂಗು ಬರೆದಳು. ಆ ಗೊಂಬೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಮಗು ಅದನ್ನು ಪಿಂಗಾಣಿಯ ಗೊಂಬೆಯಂತೆ ಕೂರಿಸಲಿಲ್ಲ, ಎತ್ತಿಕೊಂಡು ಓಡಾಡಿತು. ಮರಳಿನ ಭಾರ ಮಗುವಿನ ಭಾರದಂತಿತ್ತು. ಆಕೆಯ ಮುಂದಿನ ಕೆಲಸಕ್ಕೆಲ್ಲ ತಳಹದಿ ಈ ಒಂದು ಅನುಭವವೆಂದು ನಾನು ತಿಳಿದಿದ್ದೇನೆ. ಗೊಂಬೆಯನ್ನು ಮೊದಲು ಅರಿಯುವುದು ಕಣ್ಣಲ್ಲ, ತೋಳು.

1910ರಲ್ಲಿ ಬರ್ಲಿನಿನ ಟೀಟ್ಸ್ ಮಳಿಗೆಯಲ್ಲಿ, ಮನೆಯಲ್ಲಿ ಕೈಯಿಂದ ಮಾಡಿದ ಆಟಿಕೆಗಳ ಪ್ರದರ್ಶನದಲ್ಲಿ, ಆಕೆಯ ಗೊಂಬೆಗಳು ಮೊದಲು ಜನರ ಮುಂದೆ ಬಂದು ಹೆಸರು ಮಾಡಿದುವು. ತಯಾರಿಕೆಯ ಹಕ್ಕನ್ನು ಒಂದು ಕಾರ್ಖಾನೆಗೆ ಕೊಟ್ಟು ನೋಡಿದಳು. ಬಂದ ಫಲ ಒಪ್ಪಿಗೆಯಾಗದೆ ಹಿಂದಕ್ಕೆ ಪಡೆದಳು. ಅಮೆರಿಕದಿಂದ 150 ಗೊಂಬೆಗಳಿಗೆ ಬೇಡಿಕೆ ಬಂದಾಗ ಬರ್ಲಿನಿನ ವಾಸದ ಮನೆಯೇ ಕಾರ್ಯಾಗಾರವಾಯಿತು. 1912ರಲ್ಲಿ ಜಾಲೆ ನದಿಯ ದಡದ ಬಾಟ್ ಕ್ಯೋಸನ್ ಎಂಬ ಸಣ್ಣ ಊರಿನಲ್ಲಿ ನೆಲೆಯೂರಿದ ಕಾರ್ಯಾಗಾರ ಅಲ್ಲಿಯೇ ನಾಲ್ಕು ದಶಕಗಳ ಕಾಲ ನಡೆಯಿತು.

ಈಗ ಗೊಂಬೆಯನ್ನೇ ನೋಡೋಣ. 'ಮೊದಲನೆಯ ಗೊಂಬೆ' ಎಂದು ಸಂಖ್ಯೆಯಿಂದಲೇ ಕರೆಯಲ್ಪಡುವ ಅದರ ಎತ್ತರ ಸುಮಾರು 43 ಸೆಂಟಿಮೀಟರ್. ಒಡಲು ಒರಟು ಹತ್ತಿಬಟ್ಟೆಯದು. ಒಳಗೆ ತುಂಬಿದ್ದು ಹಿಮಸಾರಂಗದ ಕೂದಲು. ಹಗುರವೂ ಹೌದು, ಒತ್ತಿದರೆ ಮತ್ತೆ ಮೇಲೇಳುವಂತಹದೂ ಹೌದು. ತಲೆಯೂ ಬಟ್ಟೆಯದೇ. ಅದನ್ನು ಗಟ್ಟಿಗೊಳಿಸಿ ಮೇಲೆ ತೈಲವರ್ಣದಿಂದ ಮುಖ ಬರೆದಿರುವುದರಿಂದ ಒದ್ದೆ ಬಟ್ಟೆಯಲ್ಲಿ ಒರಸಬಹುದು. ಕೂದಲೂ ಕುಂಚದಿಂದ ಬರೆದದ್ದು. ತಲೆಯ ಹಿಂಭಾಗದಲ್ಲಿ ಮೂರು ಹೊಲಿಗೆಗಳು ಮೇಲಿನಿಂದ ಕೆಳಗೆ ಇಳಿದಿವೆ. ಹೊಲಿಗೆಯನ್ನು ಮುಚ್ಚಿಡುವ ಪ್ರಯತ್ನವಿಲ್ಲ. ಸಿಂಪಿಗಿತ್ತಿಯ ಮಗಳು ಮತ್ತು ಶಿಲ್ಪಿಯ ಹೆಂಡತಿ ಇಬ್ಬರೂ ಈ ಒಂದು ತಲೆಯಲ್ಲಿ ಕೂಡಿದ್ದಾರೆ.

ಮುಖದ ಅಚ್ಚಿಗೆ ಆಕೆ ಆರಿಸಿಕೊಂಡದ್ದು ಹದಿನೇಳನೆಯ ಶತಮಾನದ ಫ್ಲೆಮಿಶ್ ಶಿಲ್ಪಿ ದ್ಯೂಕೆನ್ವಾನ ಹೆಸರಿನೊಂದಿಗೆ ಸೇರಿಕೊಂಡಿರುವ ಒಂದು ಶಿಶುವಿನ ಮುಖವನ್ನು. ಅದು ನಗುವುದಿಲ್ಲ, ಅಳುವುದೂ ಇಲ್ಲ. ತುಟಿ ಮುಚ್ಚಿದೆ. ಕಣ್ಣು ನಮ್ಮನ್ನು ನೇರವಾಗಿ ಹಿಡಿಯುವುದೂ ಇಲ್ಲ, ತಪ್ಪಿಸಿಕೊಳ್ಳುವುದೂ ಇಲ್ಲ. ಮೊದಲ ನೋಟಕ್ಕೆ ಇದು ಸಪ್ಪೆಯೆನಿಸಬಹುದು. ನನಗೂ ಹಾಗೆಯೇ ಅನಿಸಿತ್ತು. ಆದರೆ ಇದನ್ನು ಮಾಡಿದವಳು ನಟಿಯಾಗಿದ್ದವಳು ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಆಟದ ದಿನ ಚೌಕಿಗೆ ಹೋದವರು ನೋಡಿರುತ್ತಾರೆ. ಬಣ್ಣ ಹಚ್ಚುವ ಮುನ್ನ ಕನ್ನಡಿಯ ಎದುರು ಕುಳಿತ ಕಲಾವಿದನ ಮುಖದಲ್ಲಿ ಕೀಚಕನೂ ಇಲ್ಲ, ಧರ್ಮರಾಯನೂ ಇಲ್ಲ, ಎರಡಕ್ಕೂ ಎಡೆಯಿದೆ. ಕ್ರೂಸೆಯ ಗೊಂಬೆಯ ಮುಖ ಅಂತಹದು. ನಗುವ ಗೊಂಬೆ ಮಗುವಿನ ಅಳುವಿನ ಹೊತ್ತಿಗೆ ಒದಗುವುದಿಲ್ಲ. ಏನನ್ನೂ ಹೇಳದ ಮುಖಕ್ಕೆ ಮಗು ತನಗೆ ಬೇಕಾದ ಪಾತ್ರವನ್ನು ಕೊಟ್ಟುಕೊಳ್ಳುತ್ತದೆ. ಈ ಸಂಯಮವೇ ಆಕೆಯ ಕಲೆಯ ಮುಖ್ಯ ಗುಣ.

ಇದಕ್ಕೆ ಎದುರಾಗಿ ಇನ್ನೊಬ್ಬಳನ್ನು ನಿಲ್ಲಿಸಿ ನೋಡಬೇಕು. ಲೋಟೆ ಪ್ರಿಟ್ಸೆಲ್ ಹುಟ್ಟಿದ್ದೂ ಅದೇ ಬ್ರೆಸ್ಲಾವಿನಲ್ಲಿ, ನಾಲ್ಕು ವರ್ಷ ತಡವಾಗಿ, 1887ರಲ್ಲಿ. ಮ್ಯೂನಿಕ್ ನಗರದಲ್ಲಿ ಆಕೆ ತಂತಿ ಮತ್ತು ಮೇಣದಿಂದ ಸಣಕಲು ಮೈಯ, ಬಾಗಿ ಬಳುಕುವ, ರೇಷ್ಮೆ ಜಾಲರಿ ತೊಟ್ಟ ಗೊಂಬೆಗಳನ್ನು ಮಾಡಿದಳು. ಅವು ಮಕ್ಕಳಿಗಲ್ಲ, ಗಾಜಿನ ಬೀರುವಿಗೆ ಎಂದು ಮೊದಲಿನಿಂದಲೇ ಗೊತ್ತಿದ್ದ ಗೊಂಬೆಗಳು. ಅವುಗಳನ್ನು ನೋಡಿದ ಕವಿ ರಿಲ್ಕೆ 1914ರಲ್ಲಿ ಗೊಂಬೆಗಳ ಬಗ್ಗೆ ಒಂದು ಪ್ರಬಂಧವನ್ನೇ ಬರೆದ. ಮಗು ತನ್ನ ಪ್ರೀತಿಯನ್ನೆಲ್ಲ ಗೊಂಬೆಯ ಮೇಲೆ ಸುರಿಯುತ್ತದೆ, ಗೊಂಬೆಯಾದರೋ ಒಂದು ತೊಟ್ಟನ್ನೂ ಹಿಂದಕ್ಕೆ ಕೊಡುವುದಿಲ್ಲ ಎಂಬ ಕಹಿ ಅದರಲ್ಲಿದೆ. ರಿಲ್ಕೆಯ ಮಾತು ಆಳವಾದುದು, ಒಪ್ಪುತ್ತೇನೆ. ಆದರೆ ಅದು ದೊಡ್ಡವನಾದ ಮೇಲೆ ಹಿಂದಿರುಗಿ ನೋಡಿದವನ ಲೆಕ್ಕಾಚಾರ. ಕೊಟ್ಟದ್ದೆಷ್ಟು ಬಂದದ್ದೆಷ್ಟು ಎಂದು ಮಗು ಖಾತೆ ಇಡುವುದಿಲ್ಲ. ಖಾತೆ ಇಡುವ ಕೆಲಸ ನನ್ನಂತಹವರದು. ಪ್ರಿಟ್ಸೆಲ್ ದೊಡ್ಡವರ ಒಂಟಿತನಕ್ಕೆ ರೂಪ ಕೊಟ್ಟಳು, ಕ್ರೂಸೆ ಮಗುವಿನ ತೋಳಿಗೆ ಭಾರ ಕೊಟ್ಟಳು. ಎರಡೂ ಕಲೆಯೇ. ಆದರೆ ಎರಡನ್ನೂ ಒಂದೇ ಗಾಜಿನೊಳಗಿಟ್ಟು ನೋಡಿದರೆ ಒಂದಕ್ಕೆ ನ್ಯಾಯವಾಗುತ್ತದೆ, ಇನ್ನೊಂದಕ್ಕೆ ಅನ್ಯಾಯವಾಗುತ್ತದೆ.

ಕ್ರೂಸೆಯ ಗೊಂಬೆ ಗಾಜಿನೊಳಗೆ ಹೋದದ್ದು ಹೇಗೆ? ಇದರಲ್ಲಿ ಆಕೆಯ ಪಾಲೂ ಇದೆ. ಗೊಂಬೆ ಹೆಸರಾದೊಡನೆ ನಕಲುಗಳು ಬಂದುವು. ಬಿಂಗ್ ಎಂಬ ದೊಡ್ಡ ಆಟಿಕೆ ಸಂಸ್ಥೆಯ ವಿರುದ್ಧ ಆಕೆ ನಡೆಸಿದ ವ್ಯಾಜ್ಯ 1925ರಲ್ಲಿ ಆಕೆಯ ಪರವಾಗಿ ತೀರ್ಮಾನವಾಯಿತು. ಆಟಿಕೆಯೂ ಕಲಾಕೃತಿಯಾಗಿ ಕಾನೂನಿನ ರಕ್ಷಣೆ ಪಡೆಯಬಹುದೆಂದು ನ್ಯಾಯಾಲಯ ಒಪ್ಪಿತು. ಹೊಲಿಗೆ, ಅಡುಗೆ, ಮಕ್ಕಳ ಆಟ ಇವೆಲ್ಲ ಹೆಂಗಸರ ಮನೆವಾರ್ತೆಯೆಂದು ತಳ್ಳಿಬಿಡುತ್ತಿದ್ದ ಕಾಲದಲ್ಲಿ ಇದು ಸಣ್ಣ ಗೆಲುವಲ್ಲ. ಆದರೆ ಗೆಲುವಿಗೂ ಬೆಲೆ ತೆರಬೇಕಾಗುತ್ತದೆ. ತನ್ನದೆಂದು ಗುರುತಿಸಲು ಆಕೆ ಗೊಂಬೆಯ ಎಡಪಾದದ ಅಡಿಯಲ್ಲಿ ಹೆಸರನ್ನೂ ಸಂಖ್ಯೆಯನ್ನೂ ಹಾಕುತ್ತಿದ್ದಳು. ಮಗು ಕೈಗೆತ್ತಿಕೊಂಡಾಗ ಮೊದಲು ನೋಡುವುದು ಮುಖವನ್ನು. ಸಂಗ್ರಹಕಾರ ಮೊದಲು ತಿರುಗಿಸಿ ನೋಡುವುದು ಪಾದವನ್ನು.

ಇಲ್ಲಿ ನನ್ನ ಕಸುಬಿನ ಒಂದು ಮಾತನ್ನು ಹೇಳಿದರೆ ತಪ್ಪಾಗಲಾರದು. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟು ಸಾಲ ಪಡೆಯಲು ಬಂದವರ ಆಭರಣವನ್ನು ಆಚಾರ್ರು ಒರೆಗಲ್ಲಿಗೆ ಉಜ್ಜಿ, ಕಲ್ಲು ಅರಗುಗಳ ತೂಕ ಕಳೆದು, ಉಳಿದ ಚಿನ್ನಕ್ಕೆ ಬೆಲೆ ಕಟ್ಟುತ್ತಾರೆ. ನಾವು ಮಜೂರಿ ಎನ್ನುವ, ಮಲಯಾಳದವರು ಪಣಿಕೂಲಿ ಎನ್ನುವ ಕೆಲಸಗಾರಿಕೆಗೆ ಅಲ್ಲಿ ಬೆಲೆಯಿಲ್ಲ. ಎಷ್ಟೇ ಸೂಕ್ಷ್ಮವಾದ ಮುಂಗೈ ಬಳೆಯಾದರೂ ಅದು ಇಷ್ಟು ಗ್ರಾಂ ಮಾತ್ರ. ಗೊಂಬೆಯ ಪೇಟೆಯಲ್ಲಿ ಇದು ಪೂರ್ತಿ ತಿರುವುಮುರುವು. ಬಟ್ಟೆಗೂ ಸಾರಂಗದ ಕೂದಲಿಗೂ ಏನು ಬೆಲೆ? ಬೆಲೆಯೆಲ್ಲ ಕೈಗೆಲಸಕ್ಕೆ. ಇದನ್ನು ಓದಿದಾಗ ಮೊದಲು ನನಗೆ ಸಂತೋಷವೇ ಆಯಿತು. ಮುಂದೆ ಓದಿದಾಗ ತಿಳಿಯಿತು: ಬಣ್ಣ ಮಾಸದ, ಮೂಗು ಸವೆಯದ, ಮೊದಲಿನ ಉಡುಪೇ ಇರುವ ಗೊಂಬೆಗೆ ಹೆಚ್ಚು ಬೆಲೆ, ಮುತ್ತಿಟ್ಟು ಮುತ್ತಿಟ್ಟು ಕೆನ್ನೆಯ ಬಣ್ಣ ಹೋದದ್ದಕ್ಕೆ ಕಡಿಮೆ. ಎಂದರೆ ಯಾವ ಗೊಂಬೆ ತನ್ನ ಕೆಲಸವನ್ನು ಚೆನ್ನಾಗಿ ಮಾಡಿತೋ ಅದರ ಬೆಲೆ ಇಳಿಯುತ್ತದೆ. ಯಾವ ಮಗುವೂ ಪ್ರೀತಿಸದ ಗೊಂಬೆ ಹರಾಜಿನಲ್ಲಿ ಮೊದಲ ಸ್ಥಾನದಲ್ಲಿರುತ್ತದೆ. ತೊಳೆಯಬಹುದಾದ ಮುಖವನ್ನು ಇಷ್ಟು ಕಷ್ಟಪಟ್ಟು ಮಾಡಿದವಳಿಗೆ ಇದಕ್ಕಿಂತ ವಿಪರೀತವಾದ ಮರ್ಯಾದೆ ಇನ್ನೇನಿದೆ?

ಆಕೆಯನ್ನು ಹೊಗಳುವುದರ ಜೊತೆಗೆ ಕೆಲವು ಕೊರತೆಗಳನ್ನೂ ಹೇಳಲೇಬೇಕು. ಮೊದಲನೆಯದಾಗಿ, ಮಗುವಿಗೆಂದು ಮಾಡಿದ ಈ ಗೊಂಬೆಗಳು ಎಲ್ಲ ಮಕ್ಕಳಿಗೂ ಸಿಗುವಂತಿರಲಿಲ್ಲ. ಕೈಗೆಲಸದ ಕಾರಣ ಅವು ಆರಂಭದಿಂದಲೂ ದುಬಾರಿ. ಸಿಂಪಿಗಿತ್ತಿಯ ಮಗಳಾಗಿದ್ದಾಗ ಕೇಟೆಗೇ ಅದು ದಕ್ಕುತ್ತಿರಲಿಲ್ಲ. ಎರಡನೆಯದಾಗಿ, ಪಾದದ ಮೇಲಿರುವ ಹೆಸರು ಒಬ್ಬಳದು, ಆದರೆ ಹೊಲಿದ, ತುಂಬಿದ, ಕುಂಚ ಹಿಡಿದ ಕೈಗಳು ಕ್ಯೋಸನಿನ ಹಲವು ಹೆಂಗಸರವು. ಗೊಂಬೆಯಿಂದ ಗೊಂಬೆಗೆ ಕಾಣುವ ಸಣ್ಣ ವ್ಯತ್ಯಾಸಗಳನ್ನು ಸಂಗ್ರಹಕಾರರು ಇಂದು ಮೆಚ್ಚುತ್ತಾರೆ. ಆ ವ್ಯತ್ಯಾಸವನ್ನು ಮಾಡಿದವರ ಹೆಸರನ್ನು ಯಾವ ಪಾದವೂ ಹೇಳುವುದಿಲ್ಲ. ಮೂರನೆಯದಾಗಿ, 1950ರ ದಶಕದಲ್ಲಿ ಆಕೆಯ ಹೆಸರಿನಲ್ಲಿ ಪ್ಲಾಸ್ಟಿಕ್ಕಿನ ಗೊಂಬೆಗಳೂ ಹೊರಬಂದುವು. ಬದುಕಬೇಕಾದ ಸಂಸ್ಥೆಗೆ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಬಟ್ಟೆಯ ಬಿಸುಪಿನಿಂದ ಆರಂಭವಾದ ಕಲೆಗೆ ಅದು ಹಿನ್ನಡೆಯೇ.

ಇನ್ನೆರಡು ಗೊಂಬೆಗಳನ್ನು ಪ್ರತ್ಯೇಕವಾಗಿ ಹೇಳಬೇಕು. 1925ರ ಸುಮಾರಿಗೆ ಆಕೆ ಹಸುಗೂಸಿನ ಗೊಂಬೆ ಮಾಡಿದಳು. ಕಣ್ಣು ಮುಚ್ಚಿ ಮಲಗಿದ್ದಕ್ಕೆ ಕನಸುಣಿ ಎಂಬರ್ಥದ ಹೆಸರು. ಒಳಗೆ ಮರಳು ತುಂಬಿ, ನಿಜವಾದ ಕೂಸಿನಷ್ಟು ಎನ್ನುವಂತೆ ಎರಡೂವರೆ ಕಿಲೋದಷ್ಟು ಭಾರ ಮಾಡಿದ್ದಳು. ಎತ್ತಿಕೊಂಡರೆ ತಲೆ ಹಿಂದಕ್ಕೆ ವಾಲುತ್ತದೆ, ಆದುದರಿಂದ ಕತ್ತಿನ ಕೆಳಗೆ ಕೈ ಕೊಡಲೇಬೇಕು. ತಾಯಂದಿರಿಗೆ ಶಿಶುಪಾಲನೆ ಕಲಿಸುವಲ್ಲಿ ಇವು ಬಳಕೆಯಾದುವು. ಅಸ್ಕೋನಾದ ಮರಳಿನ ಟವೆಲು ಇಪ್ಪತ್ತು ವರ್ಷಗಳ ಬಳಿಕ ಹೀಗೆ ಪಕ್ವವಾಯಿತು. ಆಕೆಯ ಕೃತಿಗಳಲ್ಲಿ ಇದನ್ನೇ ಅತ್ಯುತ್ತಮವೆಂದು ನಾನು ಹೇಳುತ್ತೇನೆ. ಏಕೆಂದರೆ ಇದರ ಸೌಂದರ್ಯ ನೋಡಿದರೆ ಅರ್ಧವೂ ತಿಳಿಯದು, ಎತ್ತಿಕೊಳ್ಳಬೇಕು.

ಇನ್ನೊಂದು 1929ರ ಎಂಟನೆಯ ಗೊಂಬೆ. ತಿರುಗುವ ಕತ್ತು, ನಿಜವಾದ ಕೂದಲಿನ ಟೋಪನ್ನು ತಲೆಗೆ ಇಟ್ಟ ಈ ಗೊಂಬೆಯ ಮುಖ ಆಕೆಯ ಮಗ ಫ್ರೀಡೆಬಾಲ್ಡನದು. ಇಟ್ಟ ಹೆಸರು 'ಜರ್ಮನ್ ಮಗು'. ಹೆಸರಿಟ್ಟಾಗ ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬಂದಿರಲಿಲ್ಲ. ಆದರೆ ಮುಂದಿನ ದಶಕದಲ್ಲಿ ಆ ಎರಡು ಪದಗಳಿಗೆ ಎಂತಹ ಭಾರ ಬಿತ್ತೆಂಬುದನ್ನು ಬಲ್ಲ ನಾವು ಅದನ್ನು ಕೇಳಿ ತುಸು ಹಿಂಜರಿಯದೆ ಇರಲಾರೆವು. ಒಂದು ಮಗುವಿನ ಮುಖಕ್ಕೆ ದೇಶದ ಹೆಸರು ಅಂಟಿಸಿದರೆ ಆ ದೇಶದ ಹಣೆಬರಹವೂ ಅಂಟಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಆಕೆ ಇಬ್ಬರು ಮಕ್ಕಳನ್ನು ಕಳೆದುಕೊಂಡಳು. ಅವರಲ್ಲೊಬ್ಬ ಫ್ರೀಡೆಬಾಲ್ಡ್. ಗಂಡ ಮಾಕ್ಸ್ ತೀರಿಕೊಂಡದ್ದು 1942ರಲ್ಲಿ. ಯುದ್ಧ ಮುಗಿದ ಮೇಲೂ ಎಂಟನೆಯ ಗೊಂಬೆ ತಯಾರಾಗುತ್ತಲೇ ಇತ್ತು. ಸತ್ತ ಮಗನ ಬಾಲ್ಯದ ಮುಖ ಕಾರ್ಯಾಗಾರದ ಮೇಜಿನ ಮೇಲೆ ಸಾಲಾಗಿ ಒಣಗುತ್ತಿರುವಾಗ ಆ ತಾಯಿ ಏನು ನೆನೆದಳೆಂದು ಊಹಿಸುವ ಅಧಿಕಾರ ವಿಮರ್ಶೆಗೆ ಇಲ್ಲ. ಆ ಮುಖದಲ್ಲಿ ದುಃಖವನ್ನು ಬರೆಯಲಿಲ್ಲ ಎಂಬುದನ್ನಷ್ಟೇ ನಾವು ನೋಡಬಹುದು. ಯಾರದೋ ಮನೆಯ ಮಗು ಅದನ್ನು ನಗಿಸಬೇಕಾಗಿತ್ತು.

ಗಡಿಯಲ್ಲಿ ಬಾಳುವ ನಮಗೆ ಇದರ ಮುಂದಿನ ಕತೆ ವಿಶೇಷವಾಗಿ ತಟ್ಟಬೇಕು. ಯುದ್ಧಾನಂತರ ಬ್ರೆಸ್ಲಾವ್ ಪೋಲೆಂಡಿಗೆ ಸೇರಿ ವ್ರೋತ್ಸ್ವಾಫ್ ಆಯಿತು. ಕ್ಯೋಸನ್ ಸೋವಿಯತ್ ವಲಯಕ್ಕೆ ಬಂದು, 1950ರ ದಶಕದ ಆರಂಭದ ವೇಳೆಗೆ ಕಾರ್ಯಾಗಾರ ಸರಕಾರದ ವಶವಾಯಿತು. ಮಕ್ಕಳು ಗಡಿಯ ಪಶ್ಚಿಮಕ್ಕೆ ದಾಟಿ ಡೊನಾವ್‌ವ್ಯೋರ್ಟ್ ಎಂಬಲ್ಲಿ ಮತ್ತೆ ಗೊಂಬೆ ಮಾಡತೊಡಗಿದರು. ತಾಯಿಯೂ ಕೊನೆಗೆ ಅತ್ತ ಹೋದಳು. 1968ರಲ್ಲಿ ಮುರ್ನಾವ್ ಎಂಬಲ್ಲಿ ತೀರಿಕೊಂಡಳು. ಹುಟ್ಟಿದ ಊರು ಒಂದು ದೇಶದಲ್ಲಿ, ದುಡಿದ ಊರು ಇನ್ನೊಂದರಲ್ಲಿ, ಸತ್ತದ್ದು ಮತ್ತೊಂದರಲ್ಲಿ. ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಾಗ ನಾವು ಮನೆ ಬಿಟ್ಟು ಹೋಗಬೇಕಾಗಲಿಲ್ಲ. ಆ ವ್ಯತ್ಯಾಸ ದೊಡ್ಡದು, ಎರಡನ್ನೂ ಸರಿಗಟ್ಟಿ ನೋಡುವುದು ಸರಿಯಲ್ಲ. ಆದರೂ ಗೆರೆ ಎಳೆದ ಬಳಿಕ ಯಾವುದು ಉಳಿಯುತ್ತದೆ ಎಂಬುದು ನಮಗೂ ಗೊತ್ತು. ಕಟ್ಟಡ, ಯಂತ್ರ, ಫಲಕಗಳು ಹೋದುವು. ಹೊಲಿಗೆಯ ಕ್ರಮ, ಮುಖ ಬರೆಯುವ ಕೈ ಗಡಿ ದಾಟಿ ಬಂದುವು. ನಮ್ಮಲ್ಲಿಯೂ ಕನ್ನಡ ಉಳಿದದ್ದು ಬಳಸಿದವರ ಬಾಯಿಯಲ್ಲಿ.

ಹಾಗಾದರೆ ಸಂಗ್ರಹಾಲಯವೇ ಬೇಡವೆ? ಕೆಲವು ವರ್ಷಗಳ ಹಿಂದೆ ಎಲ್‌ಎಫ್‌ಸಿ ರಜೆಯಲ್ಲಿ ಸಂಸಾರ ಸಮೇತ ದಿಲ್ಲಿಗೆ ಹೋದಾಗ, ಕಾಯಂಕುಳಂ ಮೂಲದ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ತೆರೆದ ಗೊಂಬೆಗಳ ಸಂಗ್ರಹಾಲಯವನ್ನು ನೋಡಿದೆವು. ಗಾಜಿನ ಹಿಂದೆ ದೇಶದೇಶಗಳ ಸಾವಿರಾರು ಗೊಂಬೆಗಳು. ನನ್ನ ಮಗಳು ಗಾಜಿಗೆ ಹಣೆಯೊತ್ತಿ ಒಂದೊಂದರ ಮುಂದೆಯೂ ನಿಂತಳು. ಗಾಜಿಲ್ಲದಿದ್ದರೆ ಜಪಾನು, ಹಂಗೇರಿಗಳ ಗೊಂಬೆ ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ ಎಂಬುದು ನಿಜ. ಗಾಜು ಕಾಪಾಡುತ್ತದೆ. ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ರಾತ್ರಿ ಅವುಗಳನ್ನು ಯಾರು ಮಲಗಿಸ್ತಾರೆ?" ಉತ್ತರ ನನ್ನಲ್ಲಿರಲಿಲ್ಲ. ಸಾರ್ವಜನಿಕ ಸಂಗ್ರಹಾಲಯದ ಗಾಜಿಗೂ ಮನೆಯ ಶೋಕೇಸಿನ ಗಾಜಿಗೂ ಭೇದವಿದೆ ಎಂದು ನಾನು ಭಾವಿಸುತ್ತೇನೆ. ಮೊದಲನೆಯದು ಎಲ್ಲರಿಗಾಗಿ ಒಂದನ್ನು ಎತ್ತಿಡುತ್ತದೆ. ಎರಡನೆಯದು ಒಬ್ಬಳಿಗೆ ಸೇರಿದ್ದನ್ನು ಅವಳಿಂದಲೇ ಕಸಿದಿಡುತ್ತದೆ.

ಕ್ರೂಸೆಯ ಗೊಂಬೆಗಳು ಕಲೆಯೇ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಟ್ಟು ನೂರು ವರ್ಷಗಳಾದುವು. ಆ ಉತ್ತರ ಸರಿಯೇ. ಆದರೆ ವಿಮರ್ಶೆ ಅಲ್ಲಿಗೆ ನಿಲ್ಲಬಾರದು. ಸವೆಯಲೆಂದೇ ಮಾಡಿದ ಕೃತಿಯ ಸವೆತವನ್ನು ದೋಷವೆಂದು ಎಣಿಸದೆ, ಅದನ್ನೂ ಕೃತಿಯ ಭಾಗವೆಂದು ಓದುವ ಕ್ರಮ ನಮಗೆ ಬರಬೇಕು. ಬಣ್ಣ ಹೋದ ಕೆನ್ನೆ, ಮತ್ತೆ ಹೊಲಿದ ತೋಳು, ಯಾರೋ ತೊಡಿಸಿದ ಬೇರೆ ಅಂಗಿ ಇವೆಲ್ಲ ಆ ಗೊಂಬೆಯ ಎರಡನೆಯ ಕರ್ತೃವಿನ ಕೈಬರಹ. ಪಾದದ ಮೇಲೆ ಆ ಎರಡನೆಯ ಹೆಸರಿಲ್ಲದಿದ್ದರೇನು?

ಕಳೆದ ವರ್ಷ ಅಕ್ಕ ತವರಿಗೆ ಬಂದಿದ್ದಾಗ ಅಮ್ಮ ತಾವಾಗಿಯೇ ಶೋಕೇಸಿನ ಬೀಗ ತೆಗೆದು, ಮೊಮ್ಮಗಳಿಗೆ ಕೊಡು ಎಂದು ಆ ದುಬಾಯಿ ಗೊಂಬೆಯನ್ನು ಕೊಟ್ಟರು. ಪ್ಲಾಸ್ಟಿಕ್ ಹೊದಿಕೆ ಹಳದಿಯಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಂಗೂದಲು ಕೈಗೆ ಹಿಡಿಯಾಗಿ ಬಂತು. ಒಂದು ಕಣ್ಣು ತೆರೆಯಲಿಲ್ಲ. ಒಂದು ದಿನವೂ ಆಡದ ಗೊಂಬೆ ಹೀಗಾಗಿತ್ತು. ಅಮ್ಮ ಬಹಳ ನೊಂದರು. "ಹೋಗಲಿ ಬಿಡಮ್ಮ," ಎಂದಳು ಅಕ್ಕ. ಅಜ್ಜಿಯ ಬಟ್ಟೆಗೊಂಬೆ ಎಲ್ಲಿ ಹೋಯಿತೆಂದು ನಾನು ಕೇಳಿದೆ.

"ಅದಾ? ಅದು ನನ್ನ ಕೈಯಲ್ಲೇ ಸವೆದು ಹೋಯ್ತಲ್ಲ," ಎಂದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ವ್ಯಥೆಯಿರಲಿಲ್ಲ.